ಸಿಡಿಲಿಗೆ ಕೆಟ್ಟ ಲ್ಯಾಪ್‌ಟಾಪ್‌ನಿಂದ ಅತ್ತೆಯವರ ಹಾಡುಗಳನ್ನು ತೆಗೆದುಕೊಟ್ಟ ಶಿವಮೊಗ್ಗದ ಅಂಗಡಿ

ಕೃತ್ತಿಕೆ ಮಳೆಯ ಒಂದು ಸಂಜೆ ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಮನೆಯ ಹಿಂದಿನ ಗುಡ್ಡಕ್ಕೆ ಸಿಡಿಲು ಬಡಿದಾಗ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿದ್ದೆವು. ಜಗುಲಿಯ ಬಲ್ಬು, ಇನ್ವರ್ಟರ್, ಲ್ಯಾಪ್‌ಟಾಪ್ ಮೂರೂ ಒಂದೇ ಕ್ಷಣದಲ್ಲಿ ಹೋದವು. ಬಲ್ಬನ್ನು ಮರುದಿನವೇ ಬದಲಾಯಿಸಿದೆವು, ಇನ್ವರ್ಟರನ್ನು ವಾರದೊಳಗೆ ರಿಪೇರಿ ಮಾಡಿಸಿದೆವು. ಲ್ಯಾಪ್‌ಟಾಪ್ 2017ರಲ್ಲಿ ಕೊಂಡದ್ದು, ಅದು ಹೋದುದಕ್ಕೆ ನನಗೆ ದುಃಖವಿರಲಿಲ್ಲ. ಆದರೆ ಅದರೊಳಗಿನ ಒಂದು ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ, ಈಗ ನಮ್ಮೊಂದಿಗಿಲ್ಲದ ಅತ್ತೆಯವರು ಹಾಡಿದ 126 ಹಾಡುಗಳಿದ್ದವು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಎದುರುಗೊಳ್ಳುವ ಹಾಡು, ಭೂಮಿ ಹುಣ್ಣಿಮೆಯ ದಿನದ ಹಾಡು ಹೀಗೆ ಅವರಿಗೆ ನೆನಪಾದಾಗಲೆಲ್ಲ, ನೆನಪಾದಷ್ಟನ್ನು, ಆರು ವರ್ಷಗಳ ಕಾಲ ನಾನು ಧ್ವನಿಮುದ್ರಿಸಿ ಇಟ್ಟಿದ್ದೆ. ಇನ್ನೊಂದು ಕಡೆ ಪ್ರತಿ ಮಾಡಿಡುವ ಕೆಲಸ ಮಾತ್ರ ನಾಳೆ ನಾಳೆ ಎಂದು ಉಳಿದುಹೋಗಿತ್ತು.

ಆ ಹಾಡುಗಳನ್ನು ಹೊರತೆಗೆದುಕೊಟ್ಟ ಶಿವಮೊಗ್ಗದ ಸಣ್ಣ ಅಂಗಡಿಯೊಂದರ ಕೆಲಸವನ್ನು ಕುರಿತು ಬರೆಯುತ್ತಿದ್ದೇನೆ. ನೆಹರೂ ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರ ಮೊದಲ ಮಹಡಿಯಲ್ಲಿ ಇಬ್ಬರು ಸೇರಿ ಅದನ್ನು ನಡೆಸುತ್ತಾರೆ. ಒಂದು ಸಲಕ್ಕೆ ಮೂರು ನಾಲ್ಕು ಡಿಸ್ಕ್‌ಗಿಂತ ಹೆಚ್ಚು ಹಿಡಿಯಲು ತಮ್ಮಿಂದ ಆಗುವುದಿಲ್ಲ, ದಯವಿಟ್ಟು ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡದ್ದರಿಂದ ಹೆಸರನ್ನು ಬಿಟ್ಟಿದ್ದೇನೆ. ಅವರು ಏನೇನು ಮಾಡಿದರು, ಯಾವುದರ ನಂತರ ಯಾವುದನ್ನು ಮಾಡಿದರು ಎಂಬುದನ್ನು ಮಾತ್ರ ವಿವರವಾಗಿ ಹೇಳುತ್ತೇನೆ. ಈ ಕೆಲಸದಲ್ಲಿ ಫೈಲು ಉಳಿಯುವುದೂ ಹೋಗುವುದೂ ಆ ಕ್ರಮದ ಮೇಲೆಯೇ ನಿಂತಿದೆ. ಬೇರೆ ಯಾವ ಅಂಗಡಿಗೆ ಹೋದವರಿಗೂ ಅದು ಅಳತೆಗೋಲಾಗಿ ಒದಗಬಹುದು.

ಶಿವಮೊಗ್ಗಕ್ಕೆ ಹೋಗುವ ಮೊದಲು ನಡೆದದ್ದನ್ನು ಹೇಳದಿದ್ದರೆ ಆ ಕ್ರಮದ ಬೆಲೆ ತಿಳಿಯುವುದಿಲ್ಲ. ಹತ್ತಿರದ ಪೇಟೆಯ ರಿಪೇರಿ ಅಂಗಡಿಯವರು ಲ್ಯಾಪ್‌ಟಾಪ್ ಬಿಚ್ಚಿ ನೋಡಿ, ಮದರ್‌ಬೋರ್ಡ್ ಸುಟ್ಟಿದೆ ಎಂದರು. ಅದು ನಿಜವೇ ಆಗಿತ್ತು. ಆಮೇಲೆ ಹಾರ್ಡ್‌ಡಿಸ್ಕನ್ನು ಹೊರತೆಗೆದು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದಾಗ, ಬಳಸುವ ಮೊದಲು ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು ಎಂಬ ಸೂಚನೆ ಪರದೆಯ ಮೇಲೆ ಬಂತು. ಫಾರ್ಮ್ಯಾಟ್ ಮಾಡಿಬಿಡೋಣ, ಆಮೇಲೆ ಸಾಫ್ಟ್‌ವೇರ್ ಹಾಕಿ ಎಲ್ಲ ತೆಗೆಯಬಹುದು ಎಂದು ಅವರು ಮೌಸಿನ ಮೇಲೆ ಕೈಯಿಟ್ಟರು. ಬೇಡವೆಂದು ಹೇಳಿ ಡಿಸ್ಕನ್ನು ಬಿಡಿಸಿಕೊಂಡು ಬಂದೆ. ಅಂದು ನನ್ನಲ್ಲಿದ್ದದ್ದು ಹೆದರಿಕೆ ಮಾತ್ರ, ಕಾರಣ ತಿಳಿದಿರಲಿಲ್ಲ. ವಿಂಡೋಸ್‌ನಲ್ಲಿ ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಹಳೆಯ ಫೈಲುಗಳ ಪಟ್ಟಿಯ ಜಾಗದಲ್ಲಿ ಹೊಸ ಖಾಲಿ ಪಟ್ಟಿ ಬಂದು ಕೂರುತ್ತದೆ. ಪೂರ್ಣ ಫಾರ್ಮ್ಯಾಟ್ ಆದರೆ, ವಿಂಡೋಸ್‌ನ ವಿಸ್ಟಾ ಆವೃತ್ತಿ ಬಂದಂದಿನಿಂದ ಈಚೆಗೆ, ಡಿಸ್ಕ್‌ನ ಉದ್ದಕ್ಕೂ ಸೊನ್ನೆಯನ್ನೇ ಬರೆದುಬಿಡುತ್ತದೆ. ಅದಾದ ಮೇಲೆ ಯಾವ ಸಾಫ್ಟ್‌ವೇರಿಗೂ ತೆಗೆಯಲು ಏನೂ ಉಳಿಯುವುದಿಲ್ಲ.

ಮನೆಗೆ ಬಂದ ಮೇಲೆ ಸಲಹೆಗಳಿಗೆ ಕೊರತೆಯಿರಲಿಲ್ಲ. ಅಕ್ಕಿ ಡಬ್ಬಿಯೊಳಗೆ ಎರಡು ದಿನ ಹುಗಿದಿಡಿ ಎಂದರು ಒಬ್ಬರು. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಡಿಸ್ಕ್ ಮತ್ತೆ ಓಡುತ್ತದೆ ಎಂದರು ಇನ್ನೊಬ್ಬರು. ಫ್ರಿಜ್‌ನಿಂದ ತೆಗೆದ ತಂಬಿಗೆಯ ಮೇಲೆ ಕ್ಷಣದಲ್ಲಿ ನೀರಹನಿ ಮೂಡುವ ನಮ್ಮ ಮಲೆನಾಡಿನ ಹವೆಯಲ್ಲಿ ಡಿಸ್ಕ್‌ಗೂ ಅದೇ ಆಗುತ್ತದೆ ಎಂದು ಯೋಚಿಸಿ ಎರಡನ್ನೂ ಬಿಟ್ಟೆ. ಡಿಸ್ಕನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಸಣ್ಣ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮರುವಾರ ಮಂಡಗದ್ದೆ, ಗಾಜನೂರಿನ ದಾರಿಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಶಿವಮೊಗ್ಗಕ್ಕೆ ಹೋದೆ.

ಅಂಗಡಿಯಲ್ಲಿದ್ದ ಹುಡುಗ ಡಿಸ್ಕನ್ನು ಕೈಗೆ ತೆಗೆದುಕೊಂಡವರು ಯಾವ ಕೇಬಲಿಗೂ ಸಿಕ್ಕಿಸಲಿಲ್ಲ. ಮೊದಲು ಕುರ್ಚಿ ತೋರಿಸಿ ಕೂರಿಸಿ, ಒಂದೊಂದಾಗಿ ಕೇಳತೊಡಗಿದರು. “ಅಮ್ಮಾ, ಸಿಡಿಲು ಹೊಡೆದ ಮೇಲೆ ಇದಕ್ಕೆ ಎಷ್ಟು ಸಲ ಕರೆಂಟ್ ಕೊಟ್ಟಿದ್ದೀರಿ?” ಒಂದೇ ಸಲ, ಬೇರೆ ಅಂಗಡಿಯಲ್ಲಿ ಎಂದೆ. “ಆಗ ಟಕ್ ಟಕ್ ಅಂತ ಸದ್ದು ಬಂತಾ?” ಇಲ್ಲ, ಗುಂಯ್ ಎಂದು ತಿರುಗಿತು ಎಂದೆ. ಆ ಒಂದು ಉತ್ತರಕ್ಕೆ ಅವರ ಮುಖ ಸ್ವಲ್ಪ ಸಡಿಲವಾಯಿತು. ಸಿಡಿಲು ಹೊಡೆಯುವ ಮೊದಲೇ ಲ್ಯಾಪ್‌ಟಾಪ್ ನಿಧಾನವಾಗಿತ್ತೇ, ಫೋಲ್ಡರ್ ತೆರೆಯಲು ಹೊತ್ತು ಹಿಡಿಯುತ್ತಿತ್ತೇ ಎಂದು ಕೇಳಿದರು. ಹೌದು, ಒಂದು ವರ್ಷದಿಂದ ಹಾಗೆಯೇ ಇತ್ತು; ಹಳೆಯದಾಯಿತು ಎಂದುಕೊಂಡು ನಾವು ಸುಮ್ಮನಿದ್ದೆವು. ಕೊನೆಗೆ, ಎಲ್ಲವೂ ಸಿಗದಿದ್ದರೆ ಮೊದಲು ಯಾವುದು ಬೇಕು ಎಂದು ಕೇಳಿ, ನಾನು ಹೇಳಿದ ಫೋಲ್ಡರಿನ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡರು.

ಇನ್ನೊಂದು ಪ್ರಶ್ನೆ ನನಗೆ ಹೊಸದಾಗಿತ್ತು. ಲ್ಯಾಪ್‌ಟಾಪ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗುತ್ತಿದ್ದಿರಾ, ಡಿಸ್ಕನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ಬಿಟ್‌ಲಾಕರ್ ಇತ್ತೇ ಎಂದು ಕೇಳಿದರು. ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಒಡೆಯರ ಗಮನಕ್ಕೆ ಬಾರದೆಯೇ ಡಿಸ್ಕ್ ಗೂಢಲಿಪಿಗೆ ಹೋಗಿರುತ್ತದೆ. ಹಾಗಿದ್ದರೆ 48 ಅಂಕೆಗಳ ರಿಕವರಿ ಕೀ ಇಲ್ಲದೆ ಡಿಸ್ಕ್ ಎಷ್ಟೇ ಗಟ್ಟಿಯಾಗಿದ್ದರೂ ಒಂದು ಫೈಲೂ ಸಿಗುವುದಿಲ್ಲ. ಆ ಕೀ ಸಾಮಾನ್ಯವಾಗಿ ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆಯಾದ್ದರಿಂದ, ಖಾತೆಯ ಪಾಸ್‌ವರ್ಡ್ ನೆನಪಿರುವವರೆಗೆ ದಾರಿಯಿದೆ. ನಮ್ಮದು ಹಳೆಯ ಯಂತ್ರ, ಆ ತೊಡಕಿರಲಿಲ್ಲ.

ಆಮೇಲೆ ಅವರು ನನಗೆ ಹೇಳಿದ ಮಾತನ್ನು ಅಂಗಡಿಯವರೊಬ್ಬರ ಬಾಯಲ್ಲಿ ಕೇಳುತ್ತೇನೆಂದು ನಿರೀಕ್ಷಿಸಿರಲಿಲ್ಲ. ಲ್ಯಾಪ್‌ಟಾಪ್ ಮಾತ್ರ ಕೆಟ್ಟು ಡಿಸ್ಕ್ ಚೆನ್ನಾಗಿದ್ದರೆ ತಮ್ಮ ಅಗತ್ಯವೇ ಇಲ್ಲ, ಡಿಸ್ಕ್‌ನ ಸಾಟಾ ಎಂಬ ಕನೆಕ್ಟರನ್ನು ಯುಎಸ್‌ಬಿಗೆ ಸೇರಿಸುವ ಕೇಬಲ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮನೆಯಲ್ಲೇ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ಪ್ರತಿ ಮಾಡಿಕೊಳ್ಳಬಹುದು ಎಂದರು. ಬಳಕೆದಾರರ ಫೋಲ್ಡರ್ ತೆರೆಯಲು ಅನುಮತಿಯಿಲ್ಲ ಎಂದು ವಿಂಡೋಸ್ ತಡೆದರೂ, ಮುಂದುವರಿಸಿ ಎಂದು ಒತ್ತಿ ಕಾದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಆದರೆ ಡಿಸ್ಕ್ ಸದ್ದು ಮಾಡಿದರೆ, ಪ್ರತಿ ಆಗುತ್ತಾ ಆಗುತ್ತಾ ನಿಂತುಹೋದರೆ, ಫಾರ್ಮ್ಯಾಟ್ ಕೇಳಿದರೆ, ಅಲ್ಲಿಗೇ ಕರೆಂಟ್ ತೆಗೆದು ಸುಮ್ಮನಾಗಬೇಕು. ದುಡಿಮೆ ಬಿಟ್ಟುಕೊಟ್ಟು ಹೀಗೆ ಹೇಳಿದ ಮೇಲೆ, ಮುಂದೆ ಅವರು ಹೇಳಿದ್ದನ್ನೆಲ್ಲ ನಾನು ನಂಬಿದೆ.

ನಮ್ಮ ಡಿಸ್ಕ್ ಚೆನ್ನಾಗಿರಲಿಲ್ಲ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಎಂಬ ದಾಖಲೆಯನ್ನು ಓದಿ ನನಗೂ ತೋರಿಸಿದರು. ಡಿಸ್ಕ್‌ನಲ್ಲಿ ಮಾಹಿತಿ ಬರೆದಿಡುವ ಸಣ್ಣ ಸಣ್ಣ ಖಾನೆಗಳಿಗೆ ಸೆಕ್ಟರ್ ಎನ್ನುತ್ತಾರೆ; ಓದಲು ಆಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳ ಸಾಲಿನಲ್ಲಿ 412 ಎಂದಿತ್ತು. ಒಳ್ಳೆಯ ಡಿಸ್ಕ್‌ನಲ್ಲಿ ಅಲ್ಲಿ ಸೊನ್ನೆ ಇರಬೇಕು. ಸಿಡಿಲು ಮದರ್‌ಬೋರ್ಡನ್ನು ಕೊಂದಿತ್ತು, ಡಿಸ್ಕ್ ಅದಕ್ಕೂ ಮೊದಲಿನಿಂದಲೇ ಸವೆಯುತ್ತಿತ್ತು. ಒಂದು ಟಿಬಿ ಡಿಸ್ಕ್‌ನಲ್ಲಿ 4,096 ಬೈಟ್‌ಗಳ ಸುಮಾರು 24 ಕೋಟಿ ಸೆಕ್ಟರ್‌ಗಳಿರುವಾಗ ನಾನೂರು ಏನು ದೊಡ್ಡದು ಎಂದು ನನಗನ್ನಿಸಿತು. ಆದರೆ ಆ ನಾನೂರರಲ್ಲಿ ಕೆಲವು, ಯಾವ ಫೈಲು ಎಲ್ಲಿದೆ ಎಂದು ಹೇಳುವ ಪಟ್ಟಿಯ ಜಾಗದಲ್ಲೇ ಇದ್ದವು. ತೋಟದ ಅಡಿಕೆಯೆಲ್ಲ ಕಣಜದಲ್ಲಿದ್ದು, ಯಾವ ಚೀಲದಲ್ಲಿ ರಾಶಿ, ಯಾವುದರಲ್ಲಿ ಬೆಟ್ಟೆ, ಯಾವುದರಲ್ಲಿ ಗೊರಬಲು ಎಂದು ಬರೆದ ಪುಸ್ತಕದ ಹಾಳೆ ಮಾತ್ರ ಹರಿದುಹೋದಂತೆ ಎಂದು ನಾನು ಅರ್ಥಮಾಡಿಕೊಂಡೆ. ವಿಂಡೋಸ್ ಫಾರ್ಮ್ಯಾಟ್ ಕೇಳಿದ್ದು ಅದಕ್ಕಾಗಿಯೇ.

ಅವರ ಕೆಲಸದ ತಿರುಳು ಇಲ್ಲಿಂದ ಮುಂದಿನದು. ಫೈಲುಗಳನ್ನು ಹುಡುಕಲು ಅವರು ಹೋಗಲೇ ಇಲ್ಲ. ಇಡೀ ಡಿಸ್ಕನ್ನು, ಫೈಲು ಫೋಲ್ಡರ್ ಎಂಬ ಭೇದವಿಲ್ಲದೆ, ಮೊದಲ ಸೆಕ್ಟರಿನಿಂದ ಕೊನೆಯದರವರೆಗೆ ಇನ್ನೊಂದು ಗಟ್ಟಿ ಡಿಸ್ಕ್‌ಗೆ ನಕಲು ಮಾಡಿದರು. ಹಳೆಯ ಡಿಸ್ಕ್ ಇನ್ನೆಷ್ಟು ಗಂಟೆ ಬಾಳುತ್ತದೆಂದು ಯಾರಿಗೂ ಗೊತ್ತಿಲ್ಲ, ಇರುವ ಗಂಟೆಗಳನ್ನು ಓದುವುದಕ್ಕೆ ಮಾತ್ರ ಖರ್ಚು ಮಾಡಬೇಕು, ಹುಡುಕಾಟವೆಲ್ಲ ನಕಲಿನ ಮೇಲೆ ನಡೆಯಬೇಕು ಎಂಬುದು ಅವರ ನಿಯಮ. ಇದಕ್ಕಾಗಿ ವಿಂಡೋಸ್ ಬಿಟ್ಟು, ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಬಳಸಿದರು. ವಿಂಡೋಸ್ ಡಿಸ್ಕ್ ಸಿಕ್ಕಿಸಿದೊಡನೆ ತನ್ನಷ್ಟಕ್ಕೆ ಅದರ ಮೇಲೆ ಏನಾದರೂ ಬರೆಯಲು ತೊಡಗಬಹುದು, ಲಿನಕ್ಸ್‌ನಲ್ಲಿ ಡಿಸ್ಕ್ ಮೇಲೆ ಏನೂ ಬರೆಯದೆ ಓದಿಸಬಹುದು. ನಕಲು ಮಾಡಿದ್ದು ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶದಿಂದ. ಸಾಧಾರಣವಾಗಿ ಪ್ರತಿ ಮಾಡುವಾಗ ಕೆಟ್ಟ ಜಾಗ ಸಿಕ್ಕರೆ ಕಂಪ್ಯೂಟರ್ ಅಲ್ಲೇ ಹಟಹಿಡಿದು ನಿಲ್ಲುತ್ತದೆ, ಡಿಸ್ಕ್‌ನೊಳಗೆ ಓದುವ ಸೂಕ್ಷ್ಮ ಭಾಗವಾದ ಹೆಡ್ ಅದೇ ಗಾಯವನ್ನು ಮತ್ತೆ ಮತ್ತೆ ಉಜ್ಜುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಹಾರಿ ಮುಂದೆ ಹೋಗಿ, ಕೊನೆಗೆ ಹಿಂದಿರುಗಿ ಬಂದು ಅವುಗಳ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೆರೆದು ತೆಗೆಯುತ್ತದೆ.

ಅದರ ಇನ್ನೊಂದು ಗುಣ ನಮ್ಮ ಕಡೆಯವರಿಗೆ ಮುಖ್ಯ. ಎಲ್ಲಿಯವರೆಗೆ ಓದಿದೆ, ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಅದು ಒಂದು ನಕ್ಷೆಯ ಫೈಲಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ. ಕೆಲಸದ ನಡುವೆ ಕರೆಂಟ್ ಹೋದರೂ, ಯುಪಿಎಸ್ ಕೈಕೊಟ್ಟರೂ, ಮರುದಿನ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಆರೋಗ್ಯವಂತ ಡಿಸ್ಕ್ ಆಗಿದ್ದರೆ ಮೂರು ನಾಲ್ಕು ಗಂಟೆಯಲ್ಲಿ ಮುಗಿಯುವ ನಕಲು ನಮ್ಮದಕ್ಕೆ ಮೂರು ದಿನ ಹಿಡಿಯಿತು. ಡಿಸ್ಕ್ ಬಿಸಿಯೇರಿದಾಗ ನಿಲ್ಲಿಸಿ, ಆರಿದ ಮೇಲೆ ಮತ್ತೆ ಹಚ್ಚಿದ್ದಾಗಿ ಅವರು ಹೇಳಿದರು. ಕೊನೆಗೂ ಸಿಗದೆ ಉಳಿದದ್ದು 11 ಎಂಬಿ.

ಮುಂದಿನ ಹುಡುಕಾಟವೆಲ್ಲ ನಕಲಿನ ಮೇಲೆ. ಹರಿದ ಪಟ್ಟಿಯಲ್ಲಿ ಉಳಿದ ಭಾಗದಿಂದಲೇ 108 ಹಾಡುಗಳು ತಮ್ಮ ಹೆಸರು, ದಿನಾಂಕಗಳ ಸಮೇತ ಬಂದವು. ಪಟ್ಟಿಯಲ್ಲೇ ಇಲ್ಲದವುಗಳಿಗಾಗಿ ಫೋಟೋರೆಕ್ ಎಂಬ ತಂತ್ರಾಂಶ ಓಡಿಸಿದರು. ಹೆಸರು ಫೋಟೋ ಎಂದಿದ್ದರೂ ಅದು ಹಾಡು, ದಾಖಲೆ, ವಿಡಿಯೊಗಳನ್ನೂ ಹುಡುಕುತ್ತದೆ. ಹೆಚ್ಚಿನ ಬಗೆಯ ಫೈಲುಗಳ ಆರಂಭದಲ್ಲಿ ಆ ಬಗೆಗೇ ಮೀಸಲಾದ ಕೆಲವು ಬೈಟ್‌ಗಳಿರುತ್ತವೆ. ಆ ಗುರುತನ್ನು ಹಿಡಿದು, ಪಟ್ಟಿಯ ಹಂಗಿಲ್ಲದೆ, ಅದು ಡಿಸ್ಕ್‌ನ ಉದ್ದಕ್ಕೂ ಹೆಕ್ಕುತ್ತದೆ. ಆದರೆ ಹಾಗೆ ಹೆಕ್ಕಿದ ಫೈಲಿಗೆ ಹೆಸರು ಇರುವುದಿಲ್ಲ. ಹೆಸರು ಇದ್ದದ್ದು ಪಟ್ಟಿಯಲ್ಲಿ, ಪಟ್ಟಿ ಹೋಗಿದೆ. ಬರೀ ಅಂಕೆಗಳ ಹೆಸರು ಹೊತ್ತ ಸಾವಿರಾರು ಫೈಲುಗಳು, ಫೋಲ್ಡರಿಗೆ ಐನೂರರಂತೆ, ನನ್ನ ಮುಂದೆ ಬಂದವು. ಅವುಗಳ ನಡುವಿನಿಂದ 14 ಹಾಡುಗಳನ್ನು ನಾನೇ ಕಿವಿಗೊಟ್ಟು ಕೇಳಿ ಗುರುತಿಸಿದೆ. ಒಂದರಲ್ಲಿ ಹಾಡಿಗಿಂತ ಮೊದಲು ಅತ್ತೆಯವರು ಯಾರಿಗೋ ಒಲೆ ನೋಡಿಕೋ ಎಂದು ಹೇಳುವುದು ಕೇಳಿಸುತ್ತದೆ. ಆ ಧ್ವನಿಗೆ ಹೆಸರಿನ ಅಗತ್ಯವಿರಲಿಲ್ಲ.

ಉಳಿದ ನಾಲ್ಕು ಹಾಡುಗಳು ಒಂದು ಪಾಠ ಕಲಿಸಿದವು, ಧ್ವನಿಮುದ್ರಣ ಮಾಡುವವರಿಗಾಗಿ ಅದನ್ನು ಇಲ್ಲಿ ಬರೆದಿಡುತ್ತೇನೆ. ರೆಕಾರ್ಡರ್‌ನಲ್ಲಿ ಎಂಪಿ3 ಆಗಿ ಮುದ್ರಿಸಿದ ಹಾಡುಗಳ ನಡುವೆ ಕೆಟ್ಟ ಸೆಕ್ಟರ್ ಬಂದಲ್ಲಿ ಹಾಡು ಒಂದು ಕ್ಷಣ ಎಡವಿ ಮುಂದೆ ಸಾಗುತ್ತದೆ. ಎಂಪಿ3 ಸಣ್ಣ ಸಣ್ಣ ತುಂಡುಗಳ ಸರಪಳಿ. 128 ಕೆಬಿಪಿಎಸ್ ಹಾಡಿನಲ್ಲಿ ಒಂದು ಸೆಕ್ಟರ್ ಪೂರ್ತಿ ಹೋದರೂ ನಷ್ಟವಾಗುವುದು ಸುಮಾರು ಕಾಲು ಸೆಕೆಂಡು. ಆದರೆ ಫೋನಿನಲ್ಲಿ ಮುದ್ರಿಸಿದ ಎಂ4ಎ ಫೈಲಿನಲ್ಲಿ ಧ್ವನಿ ಒಂದು ಕಡೆ, ಆ ಧ್ವನಿಯನ್ನು ಹೇಗೆ ಓದಬೇಕೆಂಬ ಸೂಚಿ ಇನ್ನೊಂದು ಕಡೆ, ಅನೇಕ ಸಲ ಫೈಲಿನ ಕೊನೆಯಲ್ಲಿ, ಇರುತ್ತದೆ. ಸೂಚಿ ಹಾಳಾದರೆ ಧ್ವನಿಯೆಲ್ಲ ಉಳಿದಿದ್ದರೂ ಫೈಲು ತೆರೆಯುವುದೇ ಇಲ್ಲ. ಅದೇ ಫೋನಿನಲ್ಲಿ ಮುದ್ರಿಸಿದ, ಸರಿಯಿರುವ ಇನ್ನೊಂದು ಫೈಲನ್ನು ಮಾದರಿಯಾಗಿಟ್ಟುಕೊಂಡು ಅವರು ಸೂಚಿಯನ್ನು ಮತ್ತೆ ಕಟ್ಟಿ ಮೂರು ಹಾಡುಗಳನ್ನು ಬದುಕಿಸಿದರು. ನಾಲ್ಕನೆಯದು ಭೂಮಿ ಹುಣ್ಣಿಮೆಯ ಹಾಡು. ಎರಡು ದಿನ ಪ್ರಯತ್ನಿಸಿದರು, ಆಗಲಿಲ್ಲ. ಅದನ್ನು ಬಲ್ಲವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.

ಮಾವನವರು ಬೆರಳಚ್ಚು ಮಾಡಿಸಿಟ್ಟಿದ್ದ ಮನೆತನದ ವಂಶಾವಳಿಯನ್ನು ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರ ಚಿಹ್ನೆಗಳು ಕಂಡವು. ಇದೂ ಕೆಟ್ಟಿತು ಎಂದು ನಾನು ಕೈಚೆಲ್ಲಿದೆ. ಆ ಹುಡುಗ ನೋಡಿದವರೇ ಇದು ಕೆಟ್ಟಿಲ್ಲ, ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿದೆ ಎಂದು ಹೇಳಿ, ಆ ಫಾಂಟನ್ನು ಹಾಕಿದ ಕೂಡಲೇ ಕನ್ನಡ ಕಾಣಿಸಿತು. ಯುನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ದಾಖಲೆಗಳು ಕನ್ನಡವಾಗಿ ಕಾಣುವುದು ಆಯಾ ಫಾಂಟ್ ಇದ್ದರೆ ಮಾತ್ರ. ಹೊಸ ಕಂಪ್ಯೂಟರಿನಲ್ಲಿ ಅದು ಇರದ ಕಾರಣಕ್ಕೆ, ಗಟ್ಟಿಯಾಗಿರುವ ಫೈಲನ್ನೇ ಹಾಳಾಗಿದೆಯೆಂದು ಎಸೆಯುವ ಅಪಾಯ ಕನ್ನಡಿಗರಿಗೆ ವಿಶೇಷವಾಗಿ ಇದೆ. ಬೇರೆ ಊರಿನ ದೊಡ್ಡ ಕಂಪನಿಗೆ ಡಿಸ್ಕನ್ನು ಕೊರಿಯರ್ ಮಾಡಿದ್ದರೆ ಈ ಮಾತನ್ನು ನನಗೆ ಹೇಳುವವರು ಸಿಗುತ್ತಿದ್ದರೇ ಎಂಬುದು ಅನುಮಾನ. ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಹಾಗೆಯೇ ಉಳಿಸಿ ಕೊಟ್ಟರು. ಅದಕ್ಕೆ ಬೇರೆ ಹಣ ಕೇಳಲಿಲ್ಲ. ಅಡಿಕೆ ಲೆಕ್ಕದ ಹಾಳೆಗಳು, ಫೋಟೋಗಳು ಬಹುಪಾಲು ಸರಿಯಾಗಿಯೇ ಬಂದವು.

ಹಣದ ವಿಷಯ. ನೋಡಿ ಹೇಳುವುದಕ್ಕೆ 500 ರೂಪಾಯಿ, ಫೈಲು ಸಿಕ್ಕರೆ ಒಟ್ಟು 5,000 ರೂಪಾಯಿ, ನಾವು ಹೇಳಿ ಬರೆಸಿದ ಫೋಲ್ಡರ್ ಸಿಗದಿದ್ದರೆ ಆ 500 ಬಿಟ್ಟು ಏನೂ ಇಲ್ಲ ಎಂದು ಮೊದಲೇ ಹೇಳಿದ್ದರು, ಹಾಗೆಯೇ ನಡೆದುಕೊಂಡರು. ಫೈಲುಗಳನ್ನು ತುಂಬಿಸಲು ಹೊಸ ಡಿಸ್ಕ್ ನಾವೇ ತಂದುಕೊಡಬೇಕು. ಹಣ ಕೊಡುವ ಮೊದಲು ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನನಗೆ ಬೇಕಾದ ಯಾವುದೇ ಫೈಲನ್ನು ನಾನೇ ತೆರೆದು ನೋಡಲು ಬಿಟ್ಟರು. ಹೆಸರಿನ ಪಟ್ಟಿ ತೋರಿಸಿ ಎಲ್ಲ ಬಂದಿದೆ ಎನ್ನುವುದು ಬೇರೆ, ತೆರೆದು ಕೇಳಿಸುವುದು ಬೇರೆ. ಪಟ್ಟಿಯಲ್ಲಿ ಹೆಸರಿದ್ದೂ ಒಳಗೆ ಬರೀ ಸೊನ್ನೆ ತುಂಬಿರುವ ಫೈಲುಗಳು ಇಂಥ ಕೆಲಸದಲ್ಲಿ ಇದ್ದೇ ಇರುತ್ತವೆ. ಹಳೆಯ ಡಿಸ್ಕನ್ನೂ ಕೇಳದೆಯೇ ಹಿಂದಿರುಗಿಸಿದರು.

ಕೊರತೆಗಳೂ ಇವೆ. ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದೆ. ಹಳ್ಳಿಯಿಂದ ಬರುವವರು ಏನಕ್ಕೆ ಸಹಿ ಹಾಕುತ್ತಿದ್ದೇವೆಂದು ತಿಳಿಯದೆಯೇ ಹಾಕುತ್ತಾರೆ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ, ಕನ್ನಡದಲ್ಲಿ ಮಾಡಿಸುತ್ತೇವೆ ಎಂದರು. ಹಗಲು ಹೊತ್ತು ಫೋನ್ ಎತ್ತುವುದು ಅಪರೂಪ. ವಾರ ಎಂದದ್ದು ಹನ್ನೊಂದು ದಿನವಾಯಿತು, ಎರಡು ಸಲ ವಿಚಾರಿಸಲೆಂದೇ ಬಸ್ ಹತ್ತಬೇಕಾಯಿತು. ಅಂಕೆಗಳ ಹೆಸರಿನ ಸಾವಿರಾರು ಫೈಲುಗಳನ್ನು ಹಾಡು, ಚಿತ್ರ, ದಾಖಲೆ ಎಂದಾದರೂ ಬೇರ್ಪಡಿಸಿ ಕೊಡಬಹುದಿತ್ತು.

ಅವರಿಂದ ಆಗದ ಕೆಲಸವೂ ಇದೆ, ಅದನ್ನು ಅವರು ಮುಚ್ಚಿಡುವುದಿಲ್ಲ. ಟಕ್ ಟಕ್ ಎನ್ನುವ ಡಿಸ್ಕನ್ನು ಅಲ್ಲಿ ಬಿಚ್ಚುವುದಿಲ್ಲ. ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲೆ ಹೆಡ್ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ, ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಬಂಡೆಯಷ್ಟು ದೊಡ್ಡದು. ಆದ್ದರಿಂದ ಧೂಳು ಸೋಸಿದ ಕೋಣೆಯಿರುವ ಬೆಂಗಳೂರಿನ ಪ್ರಯೋಗಾಲಯಗಳಿಗೇ ಕಳುಹಿಸುತ್ತಾರೆ, ಅಲ್ಲಿನ ಖರ್ಚು ಇದರ ಹಲವು ಪಟ್ಟು ಎಂದು ಮೊದಲೇ ತಿಳಿಸುತ್ತಾರೆ. ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲಿ ಅಳಿಸಿದ ಫೈಲುಗಳ ವಿಷಯದಲ್ಲೂ ಆಸೆ ಹುಟ್ಟಿಸುವುದಿಲ್ಲ, ಏಕೆಂದರೆ ಟ್ರಿಮ್ ಎಂಬ ವ್ಯವಸ್ಥೆಯಿಂದ ಅಳಿಸಿದ ಜಾಗವನ್ನು ಎಸ್‌ಎಸ್‌ಡಿ ತಾನಾಗಿ ತೆರವು ಮಾಡಿಬಿಡುತ್ತದೆ.

ಡಿಸ್ಕ್‌ನಲ್ಲಿ ನಮ್ಮ ಬ್ಯಾಂಕಿನ ಕಾಗದಗಳು, ಆಧಾರ್ ಪ್ರತಿಗಳು, ಪಹಣಿಗಳೂ ಇದ್ದುದರಿಂದ ಅವರ ಬಳಿ ಉಳಿದ ನಕಲಿನ ಬಗ್ಗೆ ನನಗೆ ಅಳುಕಿತ್ತು. ಹದಿನೈದು ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತೇವೆ ಎಂದು ರಸೀದಿಯ ಹಿಂದೆ ಬರೆದುಕೊಟ್ಟಿದ್ದರು. ಹದಿನಾರನೆಯ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಅಳಿಸುವ ಮೊದಲು ಒಂದು ಮಾತು ಕೇಳಬೇಕು, ನಿಮ್ಮ ಹತ್ತಿರ ಈಗ ಎಷ್ಟು ಪ್ರತಿ ಇದೆ ಎಂದರು. ಒಂದೇ ಎಂದೆ. ಹಾಗಾದರೆ ಇನ್ನೊಂದು ಮಾಡಿಕೊಂಡು ತಿಳಿಸಿ, ಅಲ್ಲಿಯವರೆಗೆ ಇಟ್ಟಿರುತ್ತೇನೆ ಎಂದರು. ಆ ವಾರವೇ ಎರಡನೆಯ ಪ್ರತಿ ಮಾಡಿ ಸಾಗರದಲ್ಲಿರುವ ನಾದಿನಿಯ ಮನೆಗೆ ಮುಟ್ಟಿಸಿ ತಿಳಿಸಿದ ಮೇಲೆ, ಅವರು ತಮ್ಮಲ್ಲಿದ್ದುದನ್ನು ಅಳಿಸಿದರು.